ಬೈಯುದಾದ್ರ ಬೈ, ಮಾತು ಬಿಡಬ್ಯಾಡ: ಕಷ್ಟದ ದಿನಗಳಲ್ಲಿ ನಂಬಿಕೆ ಬೆಳೆಯೋಕೆ ಏನು ಮಾಡಬಹುದು

ಕಿಡ್ನಿ ಕೆಟ್ಟು ಅವ್ವನಿಗೆ ಡಯಾಲಿಸಿಸ್ (ಮಶೀನಿನಿಂದ ರಕ್ತ ಶುದ್ಧಿ ಮಾಡೋದು) ಶುರುವಾದ ಮೊದಲ ವಾರವೇ ಡಾಕ್ಟರ್ ನೀರಿನ ಲೆಕ್ಕ ಹೇಳಿದರು. ಚಹಾ, ಸಾರು, ಮಜ್ಜಿಗೆ, ಮಾತ್ರೆ ನುಂಗೋ ನೀರು, ಎಲ್ಲ ಸೇರಿ ದಿನಕ್ಕೆ ಒಂದು ಲೀಟರ್. ಅವ್ವ ಮನೆಗೆ ಬಂದವಳೇ ಒಂದು ಪ್ಲಾಸ್ಟಿಕ್ ಬಾಟಲಿ ತಗೊಂಡು, ನನ್ನ ಹಳೆ ನೇಲ್ ಪಾಲಿಶ್‌ನಿಂದ ಅದಕ್ಕೆ ನಾಲ್ಕು ಕೆಂಪು ಗೆರೆ ಎಳೆದಳು. ಬೆಳಗ್ಗೆ ಬಾಟಲಿ ತುಂಬಿಸಿಡೋದು. ಒಂದು ಕಪ್ ಚಹಾ ಕುಡಿದರೆ ಅಷ್ಟು ನೀರನ್ನು ಬಾಟಲಿಯಿಂದ ದಾಸವಾಳದ ಕುಂಡಕ್ಕೆ ಸುರಿಯೋದು. ಬಾಟಲಿ ಖಾಲಿಯಾದರೆ ಅವತ್ತಿನ ನೀರು ಮುಗೀತು. ಏಪ್ರಿಲ್ ತಿಂಗಳ ಹುಬ್ಬಳ್ಳಿ ಬಿಸಿಲಲ್ಲಿ ಮಧ್ಯಾಹ್ನ ಮೂರಕ್ಕೇ ಮೂರನೇ ಗೆರೆ ದಾಟಿರುತ್ತಿತ್ತು.

ವಾರಕ್ಕೆ 3 ಸಲ, ಸಲಕ್ಕೆ 4 ತಾಸು. ನಮ್ಮದು ನಸುಕಿನ ಪಾಳಿ. ನಾನು ಹೊರಗೆ ಕಬ್ಬಿಣದ ಕುರ್ಚಿಯ ಮೇಲೆ ಕೂತಿರುತ್ತಿದ್ದೆ. ಹದಿನೈದು ವರ್ಷ ಸಂಡೇ ಸ್ಕೂಲಿನಲ್ಲಿ ಕಲಿಸಿದವಳು ನಾನು. ಕಷ್ಟ ಬಂದಾಗ ಏನು ಮಾಡಬೇಕು ಅಂತ ಮಕ್ಕಳಿಗೆ ಬೈಬಲ್ ವಚನ ಬಾಯಿಪಾಠ ಮಾಡಿಸಿದ್ದೆ. ಆ ಕುರ್ಚಿಯ ಮೇಲೆ ಒಂದು ವಚನವೂ ಕೈಗೆ ಸಿಗಲಿಲ್ಲ. ಎರಡು ತಿಂಗಳು ಪ್ರಾರ್ಥನೆಯೇ ಬರಲಿಲ್ಲ. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ನನ್ನ ಸರದಿ ಬಂದಾಗ ಸುಮ್ನೆ ಕೂತುಬಿಡುತ್ತಿದ್ದೆ. ಒಂದಿನ ಅವ್ವ ಕೇಳಿದಳು, "ಸಿಟ್ಟು ಬಂದದೇನು ದೇವರ ಮ್ಯಾಲೆ?" ಹೌದು ಅಂದೆ. "ಬೈಯುದಾದ್ರ ಬೈ," ಅಂದಳು, "ಮಾತು ಮಾತ್ರ ಬಿಡಬ್ಯಾಡ."

ಆಮೇಲಿನ ಎರಡೂವರೆ ವರ್ಷ ನಾನು ಕಲಿತದ್ದೆಲ್ಲ ಈ ಮಾತಿನ ಮೇಲೇ ನಿಂತಿದೆ. ನಿಮ್ಮ ಕಷ್ಟ ಬೇರೆ ಇರಬಹುದು. ಕೆಲಸ ಹೋಗಿರಬಹುದು, ಸಾಲ ಆಗಿರಬಹುದು, ಮಗಳ ಮದುವೆ ಮುರಿದಿರಬಹುದು, ಮಗು ಆಗದೇ ಇರಬಹುದು. ಆದರೂ ಇಲ್ಲಿರುವುದರಲ್ಲಿ ಬಹುಪಾಲು ನಿಮಗೂ ಹೊಂದುತ್ತದೆ ಅಂತ ನಂಬಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಷ್ಟ ತಾನಾಗಿಯೇ ಯಾರನ್ನೂ ಬೆಳೆಸುವುದಿಲ್ಲ. ಒಂದೇ ಕಾಯಿಲೆ, ಒಂದೇ ವಾರ್ಡು, ಪಕ್ಕಪಕ್ಕದ ಹಾಸಿಗೆ. ಒಬ್ಬರು ದಿನದಿಂದ ದಿನಕ್ಕೆ ಕಹಿಯಾಗುತ್ತಾ ಹೋದದ್ದನ್ನೂ ಇನ್ನೊಬ್ಬರು ಮೆತ್ತಗಾಗುತ್ತಾ ಹೋದದ್ದನ್ನೂ ಕಣ್ಣಾರೆ ನೋಡಿದ್ದೇನೆ. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ, ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನು ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಕ್ವತೆ, ಅದರಿಂದ ನಿರೀಕ್ಷೆ ಅಂತ ಒಂದು ಸರಪಳಿ ಹೇಳುತ್ತಾನೆ. ಅಲ್ಲಿ ತಾಳ್ಮೆಗೆ ಬಳಸಿದ ಗ್ರೀಕ್ ಮಾತಿನ ಮೂಲ ಅರ್ಥ 'ಭಾರದ ಕೆಳಗೆ ನಿಂತೇ ಇರೋದು'. ಎರಡನೇ ಕೊಂಡಿಯ ಮಾತು ಪರೀಕ್ಷೆಗೆ ಒಡ್ಡಿ ಗಟ್ಟಿ ಅಂತ ಕಂಡುಕೊಂಡದ್ದನ್ನು ಹೇಳುತ್ತದೆ, ಅಕ್ಕಸಾಲಿ ಬಂಗಾರವನ್ನು ಒರೆಗೆ ಹಚ್ಚುವ ಹಾಗೆ. ಕಷ್ಟಕ್ಕೂ ನಿರೀಕ್ಷೆಗೂ ನಡುವೆ ಈ ಎರಡು ಕೊಂಡಿ ಇವೆ. ಅವು ಒಂದು ರಾತ್ರಿಯಲ್ಲಿ ಬೆಸೆಯುವಂಥವಲ್ಲ. ನಾನಿಲ್ಲಿ ಹೇಳುವುದು ಆ ನಡುವಿನ ದಿನಗಳ ಕೆಲಸ.

ಮೊದಲ ಹೆಜ್ಜೆ: ಉಣ್ಣಿ, ಮಲಗಿ

ಇದು ಆತ್ಮಿಕ ಸಲಹೆಯಾ ಅಂತ ಕೇಳಬೇಡಿ. ಬೈಬಲಿನ ಅರಸುಗಳು ಮೊದಲನೆಯ ಪುಸ್ತಕದ 19ನೇ ಅಧ್ಯಾಯ ತೆಗೆಯಿರಿ. ಪ್ರವಾದಿ ಎಲೀಯ ಪ್ರಾಣಭಯದಿಂದ ಅಡವಿಗೆ ಓಡಿ ಬಂದು ಒಂದು ಗಿಡದ ಕೆಳಗೆ ಕೂತಿದ್ದಾನೆ. ಸಾಕಪ್ಪಾ ದೇವರೇ, ನನ್ನ ಪ್ರಾಣ ತಗೋ ಅನ್ನುತ್ತಾನೆ. ದೇವದೂತ ಬಂದು ಏನು ಮಾಡಿದ? ಬುದ್ಧಿ ಹೇಳಲಿಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ತಟ್ಟಿ ಎಬ್ಬಿಸಿ ಏಳು, ತಿನ್ನು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ ಇತ್ತು, ನೀರಿತ್ತು. ಎಲೀಯ ತಿಂದು ಕುಡಿದು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ ಮೇಲೇ ಪ್ರಯಾಣದ ಮಾತು. ದೇವರ ಮೆಲುದನಿ ಕೇಳಿಸಿದ್ದು ಅದಕ್ಕಿಂತ 40 ದಿನದ ಆಚೆ.

ನಾನು ಆ ಎರಡು ತಿಂಗಳು ರಾತ್ರಿ ನಾಲ್ಕು ತಾಸು ಮಲಗುತ್ತಿದ್ದೆ. ಬೆಳಗ್ಗೆ ಬರೀ ಚಹಾ. ದೇವರು ದೂರ ಹೋಗಿದ್ದಾನೆ ಅಂತ ಅನ್ನಿಸುತ್ತಿದ್ದದ್ದರಲ್ಲಿ ಅರ್ಧ ನಿದ್ದೆಗೆಟ್ಟದ್ದು ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಮೊದಲ ವಾರ ದೊಡ್ಡ ನಿರ್ಧಾರ ಏನೂ ಬೇಡ. ಮೂರು ಹೊತ್ತಿನ ಊಟ, ಒಂದಿಷ್ಟು ನಡಿಗೆ, ರಾತ್ರಿ ಮೊಬೈಲ್ ಇನ್ನೊಂದು ಕೋಣೆಯಲ್ಲಿ. ಎರಡು ವಾರ ಕಳೆದರೂ ನಿದ್ದೆ ಬರದಿದ್ದರೆ, ಬದುಕೋದೇ ಬೇಡ ಅನ್ನಿಸುತ್ತಿದ್ದರೆ, ಡಾಕ್ಟರ್ ಹತ್ತಿರ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದಕ್ಕೆ ನಾಚಿಕೆ ಬೇಡ. ಎಲೀಯನಂಥ ಪ್ರವಾದಿಗೇ ಸಾಯಬೇಕು ಅನ್ನಿಸಿತ್ತು.

ಎರಡನೇ ಹೆಜ್ಜೆ: ಇದು ಹೊರುವ ಶಿಲುಬೆಯಾ, ಇಳಿಸಬೇಕಾದ ಭಾರವಾ?

ನಮ್ಮ ಕ್ರೈಸ್ತ ಸಭೆಗಳಲ್ಲಿ ಒಂದು ರೂಢಿ ಇದೆ. ಏನೇ ಬಂದರೂ "ಇದು ನನ್ನ ಶಿಲುಬೆ" ಅಂದುಬಿಡುವುದು. ಕುಡಿದು ಬಂದು ಹೊಡೆಯುವ ಗಂಡನೂ ಶಿಲುಬೆ, ಫೈನಾನ್ಸ್‌ನವರ ಬಡ್ಡಿಯೂ ಶಿಲುಬೆ. ಇದನ್ನು ನಾನು ಒಪ್ಪುವುದಿಲ್ಲ. ಯೇಸುಸ್ವಾಮಿ ಶಿಲುಬೆಯನ್ನು ತಾನೇ ಒಪ್ಪಿ ಹೊತ್ತನು. ಆದರೆ ಅದಕ್ಕಿಂತ ಮುಂಚೆ ಜನ ಕಲ್ಲೆಸೆಯಲು ಬಂದಾಗ ಅಲ್ಲಿ ನಿಲ್ಲಲಿಲ್ಲ, ತಪ್ಪಿಸಿಕೊಂಡು ದೇವಾಲಯದಿಂದ ಹೊರಟುಹೋದನು. ದಾವೀದ ಅರಸ ಸೌಲನ ಅರಮನೆಯಲ್ಲಿ ಕಿನ್ನರಿ ನುಡಿಸುತ್ತಿದ್ದಾಗ ಸೌಲ ಎಸೆದ ಈಟಿ ಬಂತು. ಅವನು ಎದೆಯೊಡ್ಡಿ ಕೂರಲಿಲ್ಲ. ಪಕ್ಕಕ್ಕೆ ಸರಿದ. ಕೊನೆಗೆ ಹೆಂಡತಿ ಅವನನ್ನು ಕಿಟಕಿಯಿಂದ ಇಳಿಸಿ ಕಳಿಸಿದಳು.

ಒಂದು ಹಾಳೆ ತಗೊಳ್ಳಿ. ನಡುವೆ ಗೆರೆ ಎಳೆಯಿರಿ. ಒಂದು ಕಡೆ ಸದ್ಯಕ್ಕೆ ಬದಲಿಸಲು ಆಗದ್ದು, ಇನ್ನೊಂದು ಕಡೆ ಬದಲಿಸಬಹುದಾದದ್ದು. ಅವ್ವನ ಕಿಡ್ನಿ ಎಡಗಡೆಗೆ ಹೋಯಿತು. ನಾನು ಒಬ್ಬಳೇ ಎಲ್ಲ ಮಾಡಬೇಕಾಗಿದ್ದದ್ದು ಬಲಗಡೆಗೆ ಬಂತು. ಅವತ್ತೇ ಪುಣೆಯಲ್ಲಿದ್ದ ತಮ್ಮನಿಗೆ ಫೋನ್ ಮಾಡಿ ತಿಂಗಳಿಗೆ ಒಂದು ವಾರ ನೀನು ಬಾ ಅಂದೆ. ಅವನು ಬಂದ. ಕೇಳಿದ್ದರೆ ಮೊದಲೇ ಬರುತ್ತಿದ್ದನಂತೆ! ಆರು ತಿಂಗಳು ನಾನು ಮನಸ್ಸಿನಲ್ಲೇ ಅವನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ.

ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಅದು ಬಲಗಡೆಯ ವಿಷಯ. ಮಹಿಳಾ ಸಹಾಯವಾಣಿ 181 ಇದೆ. ಮೊದಲು ಸುರಕ್ಷಿತವಾದ ಜಾಗಕ್ಕೆ ಹೋಗಿ, ಪ್ರಾರ್ಥನೆ ಅಲ್ಲಿಂದಲೂ ದೇವರಿಗೆ ಮುಟ್ಟುತ್ತದೆ. ಕ್ಷಮಿಸುವುದು ಬೇರೆ, ಹೊಡೆಸಿಕೊಂಡು ಇರುವುದು ಬೇರೆ. ಹಾಗೆಯೇ "ಮಾತ್ರೆ ನಿಲ್ಲಿಸಿ, ನಂಬಿಕೆ ಇಡಿ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಮಗೂ ಒಬ್ಬರು ಹೇಳಿದ್ದರು. ಪೌಲನ ಜೊತೆಗಿದ್ದ ಲೂಕನು ವೈದ್ಯ. ತನ್ನ ಜೊತೆಗಾರ ತಿಮೊಥೆಯನ ಹೊಟ್ಟೆ ನೋವಿಗೆ ಪೌಲನು ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದನು. ಔಷಧಿ ತಗೊಳ್ಳುವುದು ಅಪನಂಬಿಕೆ ಅಲ್ಲ.

ಮೂರನೇ ಹೆಜ್ಜೆ: ದೇವರ ಹತ್ತಿರ ದೂರು ಬರೆಯಿರಿ

ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, 150 ಕೀರ್ತನೆಗಳಿವೆ. ಅವುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಿನ ಕೀರ್ತನೆಗಳು. ನಾವು ಆರಾಧನೆಯಲ್ಲಿ ಹಾಡುವುದೆಲ್ಲ ಸ್ತೋತ್ರದವು, ಹಾಗಾಗಿ ಈ ಇನ್ನೊಂದು ಪಾಲು ನಮಗೆ ಅಷ್ಟು ಪರಿಚಯವಿಲ್ಲ. 88ನೇ ಕೀರ್ತನೆ ಓದಿ ನೋಡಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಯಲ್ಲಿ ಒಂದು ಸಾಲಿನ ಸಮಾಧಾನವೂ ಇಲ್ಲ. ಅಂಥದ್ದನ್ನೂ ದೇವರು ತನ್ನ ಪುಸ್ತಕದಲ್ಲಿ ಇರಲಿ ಅಂದಿದ್ದಾನೆ. ಇದು ಗೊತ್ತಾದ ದಿನ ನನಗೆ ಎಷ್ಟು ಹಗುರಾಯಿತು ಅಂತ ಹೇಳಲಾರೆ.

ಶುರು ಮಾಡಲು 13ನೇ ಕೀರ್ತನೆ ಒಳ್ಳೆಯದು. ಬರೀ 6 ವಚನ. ಮೊದಲ ಎರಡು ವಚನದಲ್ಲಿ ದಾವೀದ "ಇನ್ನೆಷ್ಟರವರೆಗೆ?" ಅಂತ ನಾಲ್ಕು ಸಲ ಕೇಳುತ್ತಾನೆ. ಮುಂದಿನ ಎರಡರಲ್ಲಿ ಬೇಕಾದದ್ದನ್ನು ಕೇಳುತ್ತಾನೆ: ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. ಕೊನೆಯ ಎರಡರಲ್ಲಿ ಹಿಂದೆ ದೇವರು ಮಾಡಿದ ಉಪಕಾರವನ್ನು ಹಿಡಿದುಕೊಳ್ಳುತ್ತಾನೆ. ನೀವೂ ಇದೇ ಕಟ್ಟಿನಲ್ಲಿ ಬರೆಯಿರಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಎರಡು ರೂಲಿನ ಹಳೆಯದಾದರೂ ಸಾಕು. ಮೇಲೆ ತಾರೀಕು. ಮೊದಲು ದೇವರನ್ನು ಹೆಸರಿಟ್ಟು ಕರೆಯಿರಿ. ಸ್ವಾಮಿ, ಅಪ್ಪಾ, ಕರ್ತನೇ, ನಿಮ್ಮ ಬಾಯಿಗೆ ಯಾವುದು ಬರುತ್ತದೋ ಅದು. ಎದುರಿಗೆ ಒಬ್ಬನಿದ್ದಾನೆ ಅಂದುಕೊಂಡು ಬರೆದರೆ ಅದು ಪ್ರಾರ್ಥನೆ. ಹಾಗೆ ಕರೆಯದೇ ಬರೆದರೆ ಬರೀ ಗೊಣಗಾಟವಾಗಿಬಿಡುತ್ತದೆ, ಗೊಣಗಿದಷ್ಟೂ ಮನಸ್ಸು ಇನ್ನೂ ಭಾರ. ಆಮೇಲೆ ಏನಾಯಿತು ಅಂತ ಬರೆಯಿರಿ. "ಕಷ್ಟದಲ್ಲಿದ್ದೇನೆ" ಅಂತ ಬರೆಯಬೇಡಿ, ಯಾವ ಕಷ್ಟ ಅಂತ ಬರೆಯಿರಿ. ನಂತರ ಒಂದೇ ಒಂದು ಬೇಡಿಕೆ, ಅದೂ ಚಿಕ್ಕದು. ಕೊನೆಯಲ್ಲಿ ನೆನಪಿರುವ ಒಂದು ಉಪಕಾರ. ನೆನಪು ಬರದಿದ್ದರೆ ಆ ಜಾಗ ಖಾಲಿ ಬಿಡಿ. ಸುಳ್ಳು ಬರೆಯಬೇಡಿ.

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ:

"ಸ್ವಾಮಿ, ಇವತ್ತು ಬುಧವಾರ. ಸೂಜಿ ಸರಿಯಾಗಿ ಕೂರಲಿಲ್ಲ, ಮೂರು ಸಲ ಚುಚ್ಚಿದರು. ಅವ್ವ ಅಳಲಿಲ್ಲ, ನಾನು ಅತ್ತೆ. ನೀನು ಎಲ್ಲಿದ್ದೆ? ಅವಳು ನಲವತ್ತು ವರ್ಷ ನಿನ್ನ ಸಭೆಯ ಕಸ ಗುಡಿಸಿದಾಳೆ. ನಿನಗೆ ನೆನಪಿಲ್ವಾ? ಶುಕ್ರವಾರ ಒಂದೇ ಸಲಕ್ಕೆ ಸೂಜಿ ಕೂರಲಿ. ಇಷ್ಟೇ ಕೇಳೋದು. ತಮ್ಮನಿಗೆ ಕೆಲಸ ಸಿಕ್ಕಿದ್ದು ನೀನೇ ಮಾಡಿದ್ದು ಅಂತ ಗೊತ್ತು. ಸದ್ಯ ಅದನ್ನೇ ಹಿಡಕೊಂಡಿದೀನಿ. ಆಮೆನ್."

ಶುಕ್ರವಾರವೂ ಎರಡು ಸಲ ಚುಚ್ಚಬೇಕಾಯಿತು. ಅದನ್ನೂ ಬರೆದಿದ್ದೇನೆ.

ಹೀಗೆ ಬರೆಯುವುದರಿಂದ ಏನಾಗುತ್ತದೆ? ನನಗೆ ಆದದ್ದು ಹೇಳುತ್ತೇನೆ. ಮೊದಲ ವಾರಗಳಲ್ಲಿ ಪುಟ ತುಂಬ ಸಿಟ್ಟು. ಒಂದು ತಿಂಗಳಾದ ಮೇಲೆ ಸಿಟ್ಟಿನ ಜೊತೆಗೆ ಪ್ರಶ್ನೆಗಳು ಬಂದವು. ಆಮೇಲೆ ಯಾವಾಗಲೋ ಬರೆಯುತ್ತಿದ್ದ ಹಾಗೇ ಮಾತು ನಿಂತು, ಸುಮ್ನೆ ಕೂರಲು ಶುರು ಮಾಡಿದೆ. ಆ ಸುಮ್ಮನಿರುವಿಕೆ ಮೊದಲ ಎರಡು ತಿಂಗಳ ಹಾಗೆ ಇರಲಿಲ್ಲ. ಅದು ಮುನಿಸು, ಇದು ಜೊತೆ.

23ನೇ ಕೀರ್ತನೆ ಎಲ್ಲರಿಗೂ ಬಾಯಿಪಾಠ, ಅಲ್ವಾ? ಅದರಲ್ಲಿ ಒಂದು ಸಣ್ಣ ಸಂಗತಿ ನನಗೆ ಆ ಕುರ್ಚಿಯ ಮೇಲೆ ಕೂತಾಗಲೇ ಕಂಡದ್ದು. ಹಸುರುಗಾವಲು, ನೀರು, ನೀತಿಯ ದಾರಿ ಇರುವ ತನಕ ದಾವೀದ ದೇವರನ್ನು 'ಆತನು' ಅನ್ನುತ್ತಾನೆ. ಕಾರ್ಗತ್ತಲಿನ ಕಣಿವೆಗೆ ಬಂದ ಕೂಡಲೇ 'ನೀನು' ಅಂತ ಶುರು ಮಾಡುತ್ತಾನೆ. ಹುಲ್ಲುಗಾವಲಲ್ಲಿ ದೇವರ ಬಗ್ಗೆ ಮಾತಾಡುತ್ತಿದ್ದವನು ಕಣಿವೆಯಲ್ಲಿ ದೇವರ ಜೊತೆಗೇ ಮಾತಾಡುತ್ತಾನೆ. ಇಷ್ಟು ವರ್ಷ ಮಕ್ಕಳಿಗೆ ಕಲಿಸುವಾಗ ಇದನ್ನು ನಾನು ಗಮನಿಸಿಯೇ ಇರಲಿಲ್ಲ.

ನಾಲ್ಕನೇ ಹೆಜ್ಜೆ: ಪ್ರಾರ್ಥನೆ ಚಿಕ್ಕದಿರಲಿ, ದಿನಾ ಇರಲಿ

ಕಷ್ಟದಲ್ಲಿ ಒಂದು ತಾಸಿನ ಉಪವಾಸ ಪ್ರಾರ್ಥನೆ ಎಲ್ಲರಿಂದಲೂ ಆಗುವುದಿಲ್ಲ. ಏಳು ನಿಮಿಷ ಆಗುತ್ತದೆ. ಅದಕ್ಕೊಂದು ಗೂಟ ಬೇಕು, ಅಂದರೆ ದಿನಾ ಹೇಗಿದ್ದರೂ ಮಾಡುವ ಒಂದು ಕೆಲಸಕ್ಕೆ ಅದನ್ನು ಕಟ್ಟಬೇಕು. ನಾನು ಅವ್ವನ ಪಲ್ಯದ ತರಕಾರಿಗೆ ಕಟ್ಟಿದೆ. ತರಕಾರಿಯಲ್ಲಿರುವ ಪೊಟ್ಯಾಸಿಯಂ ಅನ್ನೋ ಲವಣ ಕಡಿಮೆ ಮಾಡಲು ಅದನ್ನು ಹೆಚ್ಚಿ, ನೀರಲ್ಲಿ ಕುದಿಸಿ, ಆ ನೀರು ಚೆಲ್ಲಿ, ಮತ್ತೆ ಬೇಯಿಸಬೇಕಿತ್ತು. ಕುದಿ ಬರುವ ತನಕ ಒಲೆ ಮುಂದೆ ನಿಂತು ಒಂದು ಕೀರ್ತನೆ. ಕೀರ್ತನೆ ಬರದಿದ್ದರೆ ಕರ್ತನ ಪ್ರಾರ್ಥನೆ. ಅದೂ ಬರದಿದ್ದರೆ ಮಾರ್ಕನ ಸುವಾರ್ತೆಯಲ್ಲಿ ಕಾಯಿಲೆಯ ಹುಡುಗನೊಬ್ಬನ ತಂದೆ ಯೇಸುವಿಗೆ ಕೂಗಿ ಹೇಳಿದ ಮಾತು: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು. ಯೇಸು ಆ ಅರ್ಧ ನಂಬಿಕೆಯನ್ನು ವಾಪಸ್ ಕಳಿಸಲಿಲ್ಲ. ಮಗ ವಾಸಿಯಾದ.

ಭಾನುವಾರದ ಆರಾಧನೆ ಬಿಡಬೇಡಿ. ಹಾಡಲು ಆಗದಿದ್ದರೆ ಪಕ್ಕದವರು ಹಾಡುವುದನ್ನು ಕೇಳುತ್ತಾ ಕೂತಿರಿ. ಆ ದಿನ ಅವರ ನಂಬಿಕೆಯ ಮೇಲೆ ಒರಗಿಕೊಂಡರೆ ತಪ್ಪಿಲ್ಲ.

ಐದನೇ ಹೆಜ್ಜೆ: ಕತ್ತಲಲ್ಲಿ ದಾರಿ ಬದಲಿಸಬೇಡಿ

ಕ್ಯಾಥೊಲಿಕ್ ಸಂತ ಇಗ್ನೇಷಿಯಸ್ ಲೊಯೋಲ ಮೊದಲು ಸೈನಿಕ. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ತೋಪಿನ ಗುಂಡು ತಗುಲಿ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗಲೇ ಅವರ ಮನಸ್ಸು ದೇವರ ಕಡೆ ತಿರುಗಿದ್ದು. ಮನಸ್ಸು ಏಳುವುದನ್ನೂ ಬೀಳುವುದನ್ನೂ ಗಮನಿಸುತ್ತಾ ಅವರು ಕೆಲವು ನಿಯಮ ಕಂಡುಕೊಂಡರು. ಅದರಲ್ಲಿ ಒಂದು: ಮನಸ್ಸು ಒಣಗಿ ಕತ್ತಲಾದ ಸಮಯದಲ್ಲಿ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು. ನಾವು ಪ್ರಾಟೆಸ್ಟೆಂಟ್ ಮನೆಯವರು, ಆದರೆ ಈ ಮಾತು ನನಗೆ ತುಂಬಾ ಕೆಲಸಕ್ಕೆ ಬಂತು. ಕೆಲಸ ಬಿಡಬೇಕು, ಸಂಡೇ ಸ್ಕೂಲ್ ಬಿಡಬೇಕು, ಈ ಊರೇ ಬಿಡಬೇಕು ಅಂತ ಅನ್ನಿಸಿದಾಗಲೆಲ್ಲ ತಾರೀಕು ಹಾಕಿ ಬರೆದಿಟ್ಟು, ಮೂರು ವಾರ ಬಿಟ್ಟು ನೋಡುತ್ತಿದ್ದೆ. ಜಾಸ್ತಿ ಸಲ ಅದು ಅವತ್ತಿನ ದಣಿವಿನ ಮಾತಾಗಿರುತ್ತಿತ್ತು. ಅಪಾಯದಲ್ಲಿರುವವರಿಗೆ ಈ ನಿಯಮ ಅಲ್ಲ, ಅವರು ಎರಡನೇ ಹೆಜ್ಜೆಯನ್ನೇ ಹಿಡಿಯಬೇಕು.

ಆರನೇ ಹೆಜ್ಜೆ: ಇಬ್ಬರನ್ನು ಆರಿಸಿಕೊಳ್ಳಿ, ಏನು ಬೇಕು ಅಂತ ಹೇಳಿ

ಬೈಬಲಿನಲ್ಲಿ ಎಲ್ಲವನ್ನೂ ಕಳಕೊಂಡ ಯೋಬನ ಮೂವರು ಗೆಳೆಯರು ಮೊದಲ ಏಳು ದಿನ ಚೆನ್ನಾಗೇ ಇದ್ದರು. ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಎಂಟನೇ ದಿನದಿಂದ ಕಾರಣ ಹುಡುಕಲು ಶುರು ಮಾಡಿದರು ನೋಡಿ, ಅಲ್ಲಿಂದ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾದದ್ದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದ ಮಾಡಿದ ಈ ಗೆಳೆಯರ ಮೇಲೆ.

ನಮ್ಮ ಮನೆಗೂ ಜನ ಬಂದರು. ಪ್ರೀತಿಯಿಂದಲೇ ಬಂದರು. "ಏನೋ ಪಾಪ ಇರಬೇಕು, ಪರೀಕ್ಷಿಸಿಕೊಳ್ಳಿ" ಅಂದವರಿದ್ದರು. "ಎಲ್ಲ ದೇವರ ಚಿತ್ತ" ಅಂದವರಿದ್ದರು. ಇದಕ್ಕೆ ಉತ್ತರ ಹುಡುಕುತ್ತಾ ರಾತ್ರಿಯೆಲ್ಲ ಹೊರಳಾಡಬೇಡಿ. ಹುಟ್ಟುಕುರುಡನನ್ನು ನೋಡಿ ಇದು ಯಾರ ಪಾಪ ಅಂತ ಶಿಷ್ಯರು ಕೇಳಿದಾಗ ಯೇಸು ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಅಂದನು. ನಿಮಗೆ ಅಷ್ಟು ಸಾಕು. ಬಂದವರಿಗೆ "ಬಂದಿದ್ದು ಒಳ್ಳೇದಾಯ್ತು, ಒಂದು ಪ್ರಾರ್ಥನೆ ಮಾಡಿ" ಅಂದುಬಿಡಿ. ಮಾತು ಅಲ್ಲಿಗೆ ನಿಲ್ಲುತ್ತದೆ.

ಆದರೆ ಎಲ್ಲರನ್ನೂ ದೂರ ಇಡಬೇಡಿ. ಕೇಳಿ ಸುಮ್ಮನಿರಬಲ್ಲ ಇಬ್ಬರನ್ನು ಹುಡುಕಿಕೊಳ್ಳಿ. ಒಬ್ಬರು ಸಭೆಯವರು, ಒಬ್ಬರು ಹೊರಗಿನವರು ಆದರೂ ಆದೀತು. ಅವರಿಗೆ ನಿಮ್ಮ ನಿಜ ಸ್ಥಿತಿ ಹೇಳಿ. ಉಳಿದವರಿಗೆ, ಏನು ಸಹಾಯ ಬೇಕು ಅಂತ ಬಿಡಿಸಿ ಹೇಳಿ. ನಮ್ಮಲ್ಲಿ ಕಾಯಿಲೆಯವರನ್ನು ನೋಡಲು ಬರುವವರು ಎಳನೀರು ತರುತ್ತಾರೆ. ಡಯಾಲಿಸಿಸ್‌ನಲ್ಲಿರುವವರಿಗೆ ಎಳನೀರು ಅಪಾಯ, ಪೊಟ್ಯಾಸಿಯಂ ಏರಿ ಹೃದಯಕ್ಕೇ ತೊಂದರೆಯಾಗಬಹುದು. ಅಡುಗೆಮನೆಯ ಮೂಲೆಯಲ್ಲಿ ಎಂಟು ಎಳನೀರು ಕೂತಿದ್ದವು. ಬಾಯಾರಿದ ಅವ್ವ ಅವುಗಳನ್ನೇ ನೋಡುತ್ತಿದ್ದಳು. ಆಮೇಲೆ ನಾನು ಮಹಿಳಾ ಕೂಟದ ಅಕ್ಕನವರಿಗೆ ಹೇಳಿದೆ: ಅಕ್ಕಾರ, ಎಳನೀರು ಬ್ಯಾಡ, ಗುರುವಾರ ಸಂಜೆ ಎರಡು ತಾಸು ಯಾರಾದರೂ ಅವ್ವನ ಹತ್ರ ಕೂತ್ರ ನಾ ನಿದ್ದಿ ಮಾಡ್ತೀನಿ. ಅವರು ಪಾಳಿ ಹಾಕಿಕೊಂಡು ಎರಡು ವರ್ಷ ಬಂದರು. ಒಂದು ಗುರುವಾರವೂ ತಪ್ಪಲಿಲ್ಲ. ಅವರ ಋಣ ನನ್ನ ಮೇಲೆ ದೊಡ್ಡದಿದೆ.

ಏಳನೇ ಹೆಜ್ಜೆ: ಬೂದಿಯಲ್ಲಿ ಏನು ಉಳಿದಿದೆ ಅಂತ ನೋಡಿ

1812ರ ಮಾರ್ಚ್ 11ರ ಸಂಜೆ ಬಂಗಾಳದ ಸೆರಾಂಪುರದಲ್ಲಿ ಮಿಶನರಿ ವಿಲಿಯಂ ಕೇರಿ ಮತ್ತು ಜೊತೆಗಾರರ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕಾಗದ, ಅಚ್ಚಿನ ಅಕ್ಷರದ ಮೊಳೆಗಳು, ವರ್ಷಗಟ್ಟಲೆ ದುಡಿದು ಬರೆದ ಹಸ್ತಪ್ರತಿಗಳು ಸುಟ್ಟುಹೋದವು. ಅದರಲ್ಲಿ ಕೇರಿಯವರ ಕನ್ನಡ ಹೊಸ ಒಡಂಬಡಿಕೆಯ ಅನುವಾದವೂ ಇತ್ತು. ಅವರು ಅವತ್ತು ಕಲ್ಕತ್ತಾದಲ್ಲಿದ್ದರು, ಮರುದಿನ ಬಂದು ಬೂದಿ ನೋಡಿದರು. ಆದರೆ ಅವಶೇಷ ಕೆದಕಿದಾಗ ಅಕ್ಷರದ ಅಚ್ಚು ಒತ್ತುವ ಉಕ್ಕಿನ ಪಂಚುಗಳು ಹಾಳಾಗದೇ ಸಿಕ್ಕವು. ಕರಗಿದ ಲೋಹವನ್ನೇ ಮತ್ತೆ ಎರಕ ಹೊಯ್ದು ಮೊಳೆ ಮಾಡಲು ಶುರು ಮಾಡಿದರು. ಅನುವಾದವನ್ನು ಮತ್ತೆ ಮೊದಲ ಸಾಲಿನಿಂದ ಬರೆಯಲು ಕೂತರು.

ನನ್ನ ಮನಸ್ಸು ಹಿಡಿದದ್ದು ಆ ಪಂಚುಗಳನ್ನು. ರಾತ್ರಿ ಮಲಗುವ ಮುಂಚೆ ಐದು ನಿಮಿಷ ಇದಕ್ಕೆ ಕೊಡಿ. ಇವತ್ತು ಏನು ಸುಟ್ಟಿತು ಅಂತ ಒಂದು ಸಾಲು. ಏನು ಉಳಿಯಿತು ಅಂತ ಒಂದು ಸಾಲು. ಉಳಿದದ್ದು ಚಿಕ್ಕದೇ ಇರಲಿ. "ನರ್ಸ್ ಅವ್ವನ ಕಾಲಿಗೆ ಹೊದಿಕೆ ಹೊದಿಸಿದಳು." "ಬಾಟಲಿಯಲ್ಲಿ ಒಂದು ಗೆರೆ ನೀರು ಉಳಿದಿತ್ತು, ಅವ್ವ ಐಸ್ ಮಾಡಿಸಿಕೊಂಡು ಚೀಪಿದಳು." ಬಲವಂತದ ಸ್ತೋತ್ರ ಬೇಡ, ಕಂಡದ್ದನ್ನು ಬರೆದರೆ ಸಾಕು. ತಿಂಗಳಿಗೊಮ್ಮೆ ಹಿಂದಿನ ಪುಟ ತಿರುವಿ ಓದಿ. ದೇವರು ಎಲ್ಲಿದ್ದ ಅಂತ ಆ ದಿನ ಗೊತ್ತಾಗದೇ ಇದ್ದದ್ದು ತಿಂಗಳ ಮೇಲೆ ಗೊತ್ತಾಗುತ್ತದೆ.

ಎಂಟನೇ ಹೆಜ್ಜೆ: ನಿಮ್ಮ ಕೈಗೆಟುಕುವ ಒಬ್ಬರಿಗೆ ಏನಾದರೂ ಮಾಡಿ

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೇರಿ ವರ್ಗೀಸ್ ಎಂಬ ಯುವ ಡಾಕ್ಟರ್ ಇದ್ದರು. 1954ರಲ್ಲಿ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲುಗಳು ಸ್ವಾಧೀನ ಕಳೆದುಕೊಂಡವು. ಅಲ್ಲೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾ. ಪಾಲ್ ಬ್ರ್ಯಾಂಡ್ ಮೇರಿಯವರಿಗೆ ಒಂದು ದಾರಿ ತೋರಿಸಿದರು: ಕೈಯ ಶಸ್ತ್ರಚಿಕಿತ್ಸೆಯನ್ನು ಕೂತೇ ಮಾಡಬಹುದು. ಮೇರಿ ಗಾಲಿಕುರ್ಚಿಯಲ್ಲಿ ಕೂತು ಆ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ನ್ಯೂಯಾರ್ಕಿನಲ್ಲಿ ಪುನರ್ವಸತಿ ಚಿಕಿತ್ಸೆಯನ್ನೇ ಕಲಿತು ಬಂದು, ತಮ್ಮ ಹಾಗೆಯೇ ಬೆನ್ನುಹುರಿ ಮುರಿದವರಿಗಾಗಿ ವೆಲ್ಲೂರಿನಲ್ಲಿ ಕೇಂದ್ರ ಕಟ್ಟಿ ಬೆಳೆಸಿದರು. 1972ರಲ್ಲಿ ಪದ್ಮಶ್ರೀ ಬಂತು. ಅವರ ಕಾಲು ಮರಳಿ ಬರಲಿಲ್ಲ.

ನಾವೆಲ್ಲ ಮೇರಿ ವರ್ಗೀಸ್ ಆಗಬೇಕಿಲ್ಲ. ಅವರೂ ಶುರು ಮಾಡಿದ್ದು ಕೂತಲ್ಲಿಂದ ಮಾಡಬಹುದಾದ ಒಂದು ಕೆಲಸದಿಂದ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಮೊದಲ ಅಧ್ಯಾಯದಲ್ಲಿ ಪೌಲನು ನಮಗೆ ಸಿಕ್ಕ ಸಮಾಧಾನದಿಂದಲೇ ಬೇರೆಯವರನ್ನು ಸಂತೈಸುವುದರ ಬಗ್ಗೆ ಹೇಳುತ್ತಾನೆ. ಸಿಕ್ಕದೇ ಇರುವುದನ್ನು ಕೊಡಲು ಹೋಗಬೇಡಿ. ಕಷ್ಟ ಬಂದ ಮೊದಲ ತಿಂಗಳಲ್ಲೇ ಸಾಕ್ಷಿ (ದೇವರು ನಿಮಗೆ ಮಾಡಿದ ಉಪಕಾರ) ಹೇಳಿ ಅಂತ ವೇದಿಕೆಗೆ ಕರೆದರೆ "ಇನ್ನೂ ಸಮಯ ಬೇಕು" ಅನ್ನಿ. ಗಾಯ ಹಸಿ ಇರುವಾಗ ಹೇಳಿದ ಸಾಕ್ಷಿ ನಮ್ಮನ್ನೇ ಸುಳ್ಳಿಗೆ ದೂಡುತ್ತದೆ.

ಬೆಳೆದಿದ್ದೇವಾ ಅಂತ ಹೇಗೆ ಗೊತ್ತಾಗುತ್ತದೆ? ಕನ್ನಡಿ ಮುಂದೆ ನಿಂತರೆ ಗೊತ್ತಾಗುವುದಿಲ್ಲ. ಸಣ್ಣ ವಿಷಯಗಳಲ್ಲಿ ಕಾಣುತ್ತದೆ. ಮೊದಲು ಪಾಳಿ ತಪ್ಪಿದರೆ ನರ್ಸ್ ಮೇಲೆ ಕೂಗುತ್ತಿದ್ದವಳು ನಾನು. ಎರಡನೇ ವರ್ಷ ಒಂದು ಬೆಳಗ್ಗೆ ಮಶೀನ್ ಕೆಟ್ಟು ಮೂರು ತಾಸು ಕಾಯಬೇಕಾಯಿತು. ನಾನು ಚೀಲದಿಂದ ಅವ್ವನ ಸ್ವೆಟರ್ ತೆಗೆದು ಅವಳಿಗೆ ಹಾಕಿ, ನರ್ಸಿಗೆ ಚಹಾ ಆಯ್ತಾ ಅಂತ ಕೇಳಿದೆ. ಕೇಳಿದ ಮೇಲೆ ನನಗೇ ಆಶ್ಚರ್ಯ. ಪೌಲನು ಸೆರೆಮನೆಯಿಂದ ಬರೆಯುತ್ತಾ ಯಾವ ಸ್ಥಿತಿಯಲ್ಲಿದ್ದರೂ ತೃಪ್ತನಾಗಿರಲು ತಾನು ಕಲಿತುಕೊಂಡಿದ್ದೇನೆ ಅನ್ನುತ್ತಾನೆ. ಕಲಿತದ್ದು ಅನ್ನುತ್ತಾನೆ, ಹುಟ್ಟಿನಿಂದ ಬಂದದ್ದು ಅನ್ನುವುದಿಲ್ಲ. ಇವತ್ತು ಸಿಟ್ಟು ಬಂದರೆ ಹತಾಶರಾಗಬೇಡಿ, ನಾಳೆ ಮತ್ತೆ ನೋಟ್‌ಬುಕ್ ತೆಗೆಯಿರಿ.

ಅವ್ವ ಹೋಗಿ ಈಗ ಮೂರು ವರ್ಷ. ಏಕೆ ಅನ್ನುವ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿಲ್ಲ. ನೋಟ್‌ಬುಕ್ಕಿನ ಪುಟದಲ್ಲಿ ಈಗಲೂ ಕೇಳುತ್ತಿರುತ್ತೇನೆ. ತಿಂಗಳಿಗೆ ಎರಡು ಶನಿವಾರ ಅದೇ ವಾರ್ಡಿನ ಹೊರಗೆ ಹೋಗಿ ಕೂರುತ್ತೇನೆ. ಹೊಸಬರು ಬಂದಿದ್ದರೆ ಚೀಲದಿಂದ ಒಂದು ಬಾಟಲಿ, ಒಂದು ನೇಲ್ ಪಾಲಿಶ್ ತೆಗೆಯುತ್ತೇನೆ. ಡಾಕ್ಟರ್ ನಿಮಗೆ ಎಷ್ಟು ನೀರು ಹೇಳಿದ್ದಾರೆ ಅಂತ ಕೇಳಿ, ಅಷ್ಟಕ್ಕೆ ಗೆರೆ ಹಾಕುವುದನ್ನು ತೋರಿಸುತ್ತೇನೆ. ಹೋದ ಸಲ ಒಬ್ಬ ಅಜ್ಜ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಗೆರೆ ಎಣಿಸಿದರು. ಆಮೇಲೆ ಕೇಳಿದರು, "ಚಾ ಕುಡದ್ರ ಆ ನೀರು ಯಾವ ಗಿಡಕ್ಕ ಹಾಕ್ಲವಾ?"